ಎಡಕ್ಕೆ ಹೋಗುವ ಐರನ್, ಬಲಕ್ಕೆ ಹೋಗುವ ಡ್ರೈವರ್

ನನ್ನ ಎತ್ತರ ಐದಡಿ ನಾಲ್ಕಿಂಚು. ಈ ಬರಹಕ್ಕೆ ಇದಕ್ಕಿಂತ ಮುಖ್ಯವಾದ ಮಾಹಿತಿ ಇನ್ನೊಂದಿಲ್ಲ. ಪ್ಯಾಂಟು ಕೊಳ್ಳುವಾಗ, ಬೈಕು ಕೊಳ್ಳುವಾಗ, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯುವಾಗ ತಪ್ಪದೆ ನೆನಪಾಗುವ ಈ ಸಂಗತಿ, ಗಾಲ್ಫ್ ಸೆಟ್ಟು ಕೊಂಡ ದಿನ ಮಾತ್ರ ತಲೆಗೆ ಬರಲಿಲ್ಲ.

ಗಾಲ್ಫ್ ನನಗೆ ನಲವತ್ತು ದಾಟಿದ ಮೇಲೆ ಹತ್ತಿದ ಹುಚ್ಚು. ಬೆಂಗಳೂರಿನಲ್ಲಿ ಈ ಆಟ ಹೊಸದೇನಲ್ಲ. ಇಲ್ಲಿನ ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಆದರೆ ನಮ್ಮಂಥ ಮಧ್ಯಮ ವರ್ಗದವರ ಪಾಲಿಗೆ ಅದು ಬಹುಕಾಲ ಕಾಂಪೌಂಡಿನ ಆಚೆಗಿನ ಹಸಿರು. ಆಫೀಸಿನ ದೊಡ್ಡವರು ಶನಿವಾರ ಆಡಿದ್ದನ್ನು ಸೋಮವಾರವಿಡೀ ಮಾತಾಡುತ್ತಿದ್ದರು. ಆ ಮಾತಿನೊಳಗೆ ತೂರಿಕೊಳ್ಳುವ ಆಸೆಯಿಂದ ಡ್ರೈವಿಂಗ್ ರೇಂಜಿಗೆ ಹೋದೆ, ಬಾಡಿಗೆಯ ಸೆವೆನ್ ಐರನ್ನಿನಲ್ಲಿ ಬಕೆಟ್ಟುಗಟ್ಟಲೆ ಚೆಂಡು ಹೊಡೆದೆ. ಅದರಲ್ಲೊಂದು ಹೊಡೆತ ಸರಿಯಾಗಿ ಕೂತುಬಿಟ್ಟಿತು. ಗಾಲ್ಫ್ ಮನುಷ್ಯನನ್ನು ಹಾಳು ಮಾಡುವುದು ಕೆಟ್ಟ ಹೊಡೆತಗಳಿಂದಲ್ಲ, ಆ ಒಂದರಿಂದ.

ಆ ಹೊತ್ತಿಗೆ ಪರಿಚಯದವರೊಬ್ಬರು ವಿದೇಶಕ್ಕೆ ಹೊರಟಿದ್ದರು. ಅವರ ಸೆಟ್ಟು ಮಾರಾಟಕ್ಕಿತ್ತು. ಬಿಚ್ಚಿ ತೋರಿಸಿದಾಗ ಬೆರಗಾದೆ. ಚಾಕುವಿನಂಥ ತೆಳು ಅಂಚು, ಹಿಂಬದಿಯಲ್ಲಿ ಒಂದು ಗೀರೂ ಇಲ್ಲದ ಕ್ರೋಮ್ ಹೊಳಪು. ಬ್ಲೇಡ್ ಅನ್ನುತ್ತಾರೆ, ಟಿವಿಯಲ್ಲಿ ಕಾಣುವ ಪಳಗಿದ ವೃತ್ತಿಪರರು ಆಡುವ ಜಾತಿ. ಸ್ಟೀಲ್ ಶಾಫ್ಟ್, ಅದರ ಮೇಲೆ ಸ್ಟಿಫ್ ಎಂದು ಸ್ಟಿಕ್ಕರ್. ಮಾರುವವರು ಆರಡಿ ಎತ್ತರದ ಆಳು, ಸುಳ್ಳನ್ನೂ ಹೇಳಲಿಲ್ಲ. "ಸ್ವಲ್ಪ ಕಷ್ಟದ ಸೆಟ್ಟು ಇದು. ಆದ್ರೆ ಇದ್ರಲ್ಲಿ ಕಲಿತ್ರೆ ಆಮೇಲೆ ಯಾವುದ್ರಲ್ಲಿ ಬೇಕಾದ್ರೂ ಆಡ್ತೀರ" ಎಂದರು. ಈ ಮಾತನ್ನು ಗಾಲ್ಫ್ ಆಡುವವರ ನಡುವೆ ಆಮೇಲೂ ಬೇಕಾದಷ್ಟು ಸಲ ಕೇಳಿದ್ದೇನೆ. ಈಗ ಯಾರಾದರೂ ಹೇಳಿದರೆ ಕಾಫಿ ಅರ್ಧಕ್ಕೇ ಬಿಟ್ಟು ಜಗಳಕ್ಕೆ ನಿಲ್ಲುತ್ತೇನೆ.

ಕಷ್ಟದ್ದು ಅನ್ನುವುದಕ್ಕೆ ಎರಡು ಅರ್ಥವಿದೆ ಎಂದು ನನಗೆ ಆಗ ಹೊಳೆದಿರಲಿಲ್ಲ. ಮೊದಲನೆಯದು ತಲೆಯ ವಿನ್ಯಾಸ. ಬ್ಲೇಡಿನಲ್ಲಿ ಲೋಹವೆಲ್ಲ ಚೆಂಡು ತಾಗುವ ಜಾಗದ ಹಿಂದೆ ಒಟ್ಟಾಗಿ ಕೂತಿರುತ್ತದೆ. ಮಧ್ಯಕ್ಕೆ ಬಿದ್ದರೆ ಸುಖ, ಅರ್ಧ ಇಂಚು ಆಚೀಚೆಯಾದರೆ ತಲೆ ತಿರುಚಿಕೊಂಡು ಚೆಂಡು ಸೋತು ಬೀಳುತ್ತದೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್‌ನಲ್ಲಿ ಇಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್‌ಹೈಮ್ 1959ರಲ್ಲಿ ತನ್ನ ಗ್ಯಾರೇಜಿನಲ್ಲಿ ಪಟ್ಟರ್ ಮಾಡಲು ಕೂತಾಗ ಹಿಡಿದದ್ದು ಇದೇ ಸಮಸ್ಯೆಯನ್ನು. ಲೋಹವನ್ನು ನಡುವಿನಿಂದ ತೆಗೆದು ಎರಡು ತುದಿಗೆ, ಅಂಚಿಗೆ ಹಂಚಿದರೆ ತಲೆ ಕಡಿಮೆ ತಿರುಚುತ್ತದೆ. ಇವತ್ತು ಹವ್ಯಾಸಿಗಳು ಆಡುವ, ಹಿಂಬದಿ ಹಳ್ಳವಿರುವ ಕ್ಯಾವಿಟಿ ಬ್ಯಾಕ್ ಐರನ್ನುಗಳೆಲ್ಲ ಆ ಯೋಚನೆಯ ಸಂತಾನ. ಬ್ಲೇಡಿನ ಈ ಕಷ್ಟ ಪ್ರಾಮಾಣಿಕವಾದದ್ದು. ತಪ್ಪಿದರೆ ತಪ್ಪಿದೆ ಅನ್ನುತ್ತದೆ, ಅಷ್ಟೇ.

ಎರಡನೆಯ ಕಷ್ಟ ಅಪ್ರಾಮಾಣಿಕ. ಸರಿಯಾಗಿ ಹೊಡೆದರೂ ತಪ್ಪು ಉತ್ತರ ಕೊಡುವಂಥದ್ದು. ನನಗೆ ಗಂಟುಬಿದ್ದದ್ದು ಅದು.

ಐರನ್ನಿನ ತಲೆ ನೆಲದ ಮೇಲೆ ಕೂತಾಗ ಶಾಫ್ಟು ನೆಲದೊಂದಿಗೆ ಮಾಡುವ ಕೋನಕ್ಕೆ ಲೈ ಎಂದು ಹೆಸರು. ನನ್ನ ಕೈಗಳು ನೆಲಕ್ಕೆ ಹತ್ತಿರ. ಹಾಗಾಗಿ ಆ ಆರಡಿಯ ಮನುಷ್ಯನ ಐರನ್ನನ್ನು ನಾನು ಹಿಡಿದು ನಿಂತರೆ ತಲೆಯ ಶಾಫ್ಟಿನ ಕಡೆಯ ತುದಿ, ಅಂದರೆ ಹೀಲ್, ನೆಲಕ್ಕೆ ಒತ್ತಿ, ಆಚೆಯ ತುದಿ, ಅಂದರೆ ಟೋ, ಮೇಲಕ್ಕೇಳುತ್ತಿತ್ತು. ಟೋ ಎದ್ದ ಐರನ್ನಿನ ಮುಖ ಬಲಗೈ ಆಟಗಾರನಿಗೆ ಗುರಿಯ ಎಡಕ್ಕೆ ತಿರುಗಿರುತ್ತದೆ. ಲಾಫ್ಟ್, ಅಂದರೆ ಮುಖದ ವಾಲು ಹೆಚ್ಚಿದಷ್ಟೂ ಈ ಎಡ ಹೆಚ್ಚು. ವೆಜ್ಜಿನಲ್ಲಿ ವಿಪರೀತ, ಸೆವೆನ್ ಐರನ್ನಿನಲ್ಲಿ ಸಾಕಷ್ಟು, ಹತ್ತು ಡಿಗ್ರಿಯ ಡ್ರೈವರಿನಲ್ಲಿ ಇಲ್ಲವೆನ್ನುವಷ್ಟು.

ನನ್ನ ಕ್ಯಾಡಿ ಇದನ್ನು ಬಹಳ ಬೇಗ ಕಂಡಿದ್ದ. "ಸಾರ್, ಟೋ ಎದ್ದೈತೆ ನೋಡಿ. ಗ್ರಿಪ್ಪು ಒಂಚೂರು ಕೆಳಗೆ ಹಿಡೀರಿ" ಎಂದ. ನನಗೆ ಅದು ಹುಡುಗರಿಗೆ ಹೇಳುವ ಮಾತಿನಂತೆ ಕೇಳಿಸಿತು. ತುದಿಯಲ್ಲೇ ಹಿಡಿದೆ. ವರ್ಷಾನುಗಟ್ಟಲೆ ಚೀಲ ಹೊತ್ತು ನೂರಾರು ಜನರ ಸ್ವಿಂಗ್ ನೋಡಿದ ಕಣ್ಣು ಅದು ಅನ್ನುವ ಬುದ್ಧಿ ಬರಲಿಲ್ಲ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ ಕೂಡ ಕ್ಯಾಡಿಯಾಗಿದ್ದು ಮೇಲೆ ಬಂದವರು ಎಂಬುದು ಗೊತ್ತಿದ್ದೂ.

ಚೆಂಡು ಎಡಕ್ಕೆ ಹೋಗುತ್ತಿದ್ದಾಗ ನಾನು ಮಾಡಿದ್ದೇನು? ನನ್ನನ್ನೇ ತಿದ್ದಿಕೊಂಡೆ. ಹೊಡೆತದ ಕ್ಷಣಕ್ಕೆ ಮಣಿಕಟ್ಟು ತಿರುಗದಂತೆ ಬಿಗಿಹಿಡಿದು ಮುಖವನ್ನು ಬಲಕ್ಕೆ ತೆರೆದಿಡುವುದನ್ನು ದೇಹ ತಾನಾಗಿ ಕಲಿಯಿತು. ಐರನ್ ನೆಟ್ಟಗಾಯಿತು. ಹಿಗ್ಗಿದೆ. ಅಣ್ಣನ ಚಪ್ಪಲಿ ಮೆಟ್ಟಿ ಓಡಾಡುವ ಹುಡುಗ ಕಾಲೆಳೆದು ನಡೆಯುವುದನ್ನು ಕಲಿತು, ಚಪ್ಪಲಿ ಬಿದ್ದುಹೋಗಲಿಲ್ಲವೆಂದು ಖುಷಿಪಟ್ಟ ಹಾಗೆ.

ಆಮೇಲೆ ಡ್ರೈವರ್ ಎತ್ತಿದೆ. ಡ್ರೈವರಿನಲ್ಲಿ ಲೈ ಕೊಡುವ ಎಡ ಇಲ್ಲ, ನನ್ನ ಮಣಿಕಟ್ಟು ಕಲಿತ ಬಲ ಮಾತ್ರ ಪೂರ್ತಿ ಇದೆ. ಚೆಂಡು ನೂರೈವತ್ತು ಗಜ ಹೋಗಿ, ಏನೋ ಮರೆತವರಂತೆ ಬಲಕ್ಕೆ ತಿರುಗಿ ಮರಗಳೊಳಗೆ ಮಾಯ. ಸ್ಲೈಸ್! ಈ ರೋಗಕ್ಕೆ ನೂರು ಮದ್ದು, ನೂರೂ ಯೂಟ್ಯೂಬಿನಲ್ಲಿ. ಹಳೆಯ ಪುಸ್ತಕವೊಂದರಲ್ಲಿ ಚೆಂಡು ಕ್ಲಬ್ ಬೀಸಿದ ದಿಕ್ಕಿನಲ್ಲಿ ಹೊರಡುತ್ತದೆ ಎಂದು ಓದಿ ಬೀಸುವ ದಾರಿಯನ್ನೇ ತಿದ್ದಲು ಕೂತೆ. ರಾಡಾರ್ ಯಂತ್ರಗಳು ಬಂದ ಮೇಲೆ ತಿಳಿದದ್ದು ಬೇರೆ: ಚೆಂಡು ಯಾವ ಕಡೆ ಹೊರಡಬೇಕೆಂದು ಹೆಚ್ಚಾಗಿ ನಿರ್ಧರಿಸುವುದು ಮುಖ ನೋಡುತ್ತಿರುವ ದಿಕ್ಕು, ಬೀಸಿದ ದಾರಿಗೂ ಮುಖಕ್ಕೂ ಇರುವ ಅಂತರದಿಂದ ಅದು ಬಾಗುತ್ತದೆ. ದಾರಿಯನ್ನು ಎಷ್ಟು ತಿದ್ದಿದರೂ ಮುಖ ತೆರೆದಿಡುವ ಮಣಿಕಟ್ಟನ್ನು ಮುಟ್ಟದಿದ್ದರೆ ಪ್ರಯೋಜನವಿಲ್ಲ.

ದಾರಿ ಕೈಗೆ ಹತ್ತದಾಗ ಅಂಗಡಿಗೆ ಹೋದೆ. ಸ್ಲೈಸ್ ತಗ್ಗಿಸಲೆಂದೇ ಹೀಲ್ ಕಡೆ ತೂಕ ಹಾಕಿದ ಡ್ರೈವರ್ ಬಂತು. ಕತ್ತು ತಿರುಗಿಸಿ ಲಾಫ್ಟ್ ಬದಲಿಸುವ ಡ್ರೈವರ್ ಬಂತು. ತಲೆಗಳೆಲ್ಲ ನಿಯಮ ಒಪ್ಪುವ ಗರಿಷ್ಠ 460 ಸಿ.ಸಿ.ಯ ಬುರುಡೆಗಳೇ. ಶಾಫ್ಟು ಅಂಗಡಿಯಲ್ಲಿ ಬರುವ ರೂಢಿಯಂತೆ ನಲವತ್ತೈದು ಇಂಚಿಗಿಂತ ಉದ್ದ. 1997ರಲ್ಲಿ ಟೈಗರ್ ವುಡ್ಸ್ ಹನ್ನೆರಡು ಹೊಡೆತಗಳ ಅಂತರದಿಂದ ಮಾಸ್ಟರ್ಸ್ ಗೆದ್ದಾಗ ಅವನ ಡ್ರೈವರ್ ನಲವತ್ಮೂರೂವರೆ ಇಂಚಿನದ್ದು; ಅವನಿಗಿಂತ ಉದ್ದದ ಕೋಲನ್ನು ನಾನು, ಅವನಿಗಿಂತ ಅಷ್ಟು ಗಿಡ್ಡನಾದವನು, ಬೀಸುತ್ತಿದ್ದೆ. ಉದ್ದ ಹೆಚ್ಚಿದರೆ ವೇಗ ಹೆಚ್ಚಬಹುದು, ಮಧ್ಯಕ್ಕೆ ತಾಗಿಸುವುದು ಮಾತ್ರ ಕಷ್ಟವಾಗುತ್ತ ಹೋಗುತ್ತದೆ. ಮಧ್ಯಕ್ಕೆ ತಾಗದ ವೇಗದಿಂದ ದೂರ ಸಿಗುವುದಿಲ್ಲ.

ಬೇಸಿಗೆ ಬಂತು. ಫೇರ್‌ವೇ ಒಣಗಿ ಗಟ್ಟಿಯಾಯಿತು. ಹೀಲ್ ನೆಲಕ್ಕೆ ಬಡಿದಾಗಲೆಲ್ಲ ಸುಮಾರು 130 ಗ್ರಾಂ ತೂಗುವ ಸ್ಟೀಲ್ ಶಾಫ್ಟಿನ ಅದುರು ನೇರ ಎಡ ಮೊಣಕೈಗೆ ಬರುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಹಿಡಿದರೂ ನೋವು. ಆಫೀಸಿನಲ್ಲಿ ಮೊಣಕೈಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದೆ, ಯಾರಾದರೂ ಕೇಳಲಿ ಎಂದು. ಕೇಳಿದವರಿಗೆ "ಗಾಲ್ಫ್" ಅನ್ನುವಾಗ ಒಂದು ಗತ್ತಿತ್ತು. ಆ ಗತ್ತು ಕಂಪನಿಯ ಗಾಲ್ಫ್ ದಿನದಂದು ಇಳಿಯಿತು. ನನ್ನ ಜೋಡಿಯಾಗಿದ್ದ ಹಿರಿಯರು ಮೊದಲ ಕೆಲವು ಹೋಲ್‌ಗಳಲ್ಲಿ ಚೆಂಡು ಹುಡುಕಲು ನನ್ನೊಂದಿಗೆ ಮರಗಳೊಳಗೆ ಬಂದರು. ಆಮೇಲೆ ಬರುವುದನ್ನು ಬಿಟ್ಟರು, ಏನೂ ಅನ್ನಲಿಲ್ಲ. ಮುಂದಿನ ವರ್ಷ ಗಾಲ್ಫ್ ದಿನದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ಕೊನೆಗೆ ಒಬ್ಬ ಕೋಚ್ ಹತ್ತಿರ ಹೋದೆ. ನನ್ನ ಸ್ವಿಂಗ್ ನೋಡುವ ಮೊದಲು ಅವರು ನನ್ನನ್ನು ನೆಟ್ಟಗೆ ನಿಲ್ಲಿಸಿ, ದರ್ಜಿಯ ಟೇಪು ಹಿಡಿದು ಮಣಿಕಟ್ಟಿನಿಂದ ನೆಲದವರೆಗೆ ಅಳೆದರು. ಆಮೇಲೆ ವೈಟ್‌ಬೋರ್ಡ್ ಮಾರ್ಕರಿನಲ್ಲಿ ಚೆಂಡಿನ ಹಿಂಬದಿಗೆ ನೇರವಾಗಿ, ದಪ್ಪಗೆ ಒಂದು ಗೆರೆ ಎಳೆದು, ಆ ಗೆರೆ ಐರನ್ನಿನ ಮುಖಕ್ಕೆ ಎದುರಾಗುವಂತೆ ಇಟ್ಟು "ಹೊಡೀರಿ" ಎಂದರು. ಹೊಡೆದು ಐರನ್ ತಿರುಗಿಸಿ ನೋಡಿದರೆ ಕ್ರೋಮಿನ ಮೇಲೆ ಗೆರೆಯ ಅಚ್ಚು. ಮುಖದಲ್ಲಿ ಕೊರೆದ ಅಡ್ಡಗೀರುಗಳಿಗೆ ಲಂಬವಾಗಿ ನಿಲ್ಲಬೇಕಿದ್ದ ನೀಲಿ ಗೆರೆ ಸೊಟ್ಟಗೆ ಮಲಗಿತ್ತು, ಅದೂ ಮಧ್ಯದಲ್ಲಲ್ಲ, ಹೀಲ್ ಪಕ್ಕದಲ್ಲಿ. ಇನ್ನೊಮ್ಮೆ ಹೊಡೆದೆ. ಅದೇ ಸೊಟ್ಟು. ಆಮೇಲೆ ನಾನು ಐರನ್ ಹಿಡಿದು ಸುಮ್ಮನೆ ನಿಂತಾಗ ಟೋ ಕೆಳಗೆ ನಾಣ್ಯ ತೂರಿಸಿದರು. ಒಂದು ಹೋದರೆ ಸರಿಯಂತೆ, ಬೀಸಿ ಬರುವಾಗ ಶಾಫ್ಟು ಬಾಗಿ ಟೋ ಅಷ್ಟು ಕೆಳಗಿಳಿಯುತ್ತದೆ. ನನ್ನದರಲ್ಲಿ ನಾಣ್ಯದ ಮೇಲೆ ನಾಣ್ಯವಿಟ್ಟರೂ ಸಂದು ತುಂಬಲಿಲ್ಲ.

"ಇದನ್ನ ಬಗ್ಗಿಸಬಹುದಿತ್ತಲ್ಲ" ಎಂದರು ಕೋಚ್. ಅರ್ಥವಾಗಲಿಲ್ಲ. ಫೋರ್ಜ್ ಮಾಡಿದ ಐರನ್ ಮೆದು ಉಕ್ಕಿನದು. ಕತ್ತನ್ನು ಯಂತ್ರದಲ್ಲಿ ಹಿಡಿದು ಒಂದೆರಡು ಡಿಗ್ರಿ ಬಗ್ಗಿಸಿ, ಶಾಫ್ಟನ್ನು ಅರ್ಧ ಇಂಚು ಮೋಟು ಮಾಡುವುದು ದೊಡ್ಡ ಕೆಲಸವೇ ಅಲ್ಲವಂತೆ. ಡ್ರೈವರುಗಳಿಗೆ ಸುರಿದ ದುಡ್ಡಿನ ಮುಂದೆ ಅದರ ಖರ್ಚು ಲೆಕ್ಕಕ್ಕೂ ಬರುವುದಿಲ್ಲ. ಕೆಲವು ಕಂಪನಿಗಳು ಲೈ ಎಷ್ಟಿರಬೇಕೆಂದು ಕೊಳ್ಳುವಾಗಲೇ ಕೇಳುತ್ತವೆ. ಪಿಂಗ್ ಐರನ್ನುಗಳ ಮೇಲಿನ ಬಣ್ಣದ ಚುಕ್ಕೆ ಅಲಂಕಾರಕ್ಕಲ್ಲ, ಲೈ ಗುರುತು. ಕಪ್ಪು ಮಾಮೂಲಿ, ನೀಲಿ ಎತ್ತರದವರ ಕಡೆಗೆ, ಕೆಂಪು ನನ್ನಂಥವರ ಕಡೆಗೆ.

ಇಷ್ಟೆಲ್ಲ ಓದಿದ ಮೇಲೆ ಹೊಸಬರು ಕೇಳುತ್ತಾರೆ: ಹಾಗಾದರೆ ಕ್ಲಬ್ಬನ್ನು ಮೈಗೆ ಹೊಂದಿಸುವ ಫಿಟ್ಟಿಂಗ್ ಮೊದಲೇ ಮಾಡಿಸಬೇಕಾ? ಸ್ವಿಂಗೇ ಇಲ್ಲದವನಿಗೆ ಯಂತ್ರದ ಮುಂದೆ ಅರ್ಧ ದಿನದ ಫಿಟ್ಟಿಂಗ್ ದಂಡ, ಅದನ್ನು ಒಪ್ಪುತ್ತೇನೆ. ಆದರೆ ಉದ್ದ, ಲೈ, ಶಾಫ್ಟಿನ ತೂಕ, ಗ್ರಿಪ್ಪಿನ ದಪ್ಪ, ಈ ನಾಲ್ಕು ನಿಮ್ಮ ದೇಹಕ್ಕೆ ಸೇರಿದವು, ಆಟಕ್ಕಲ್ಲ. ಮೊದಲ ದಿನವೇ ನೋಡಿಸಿ. ಹದಿನಾಲ್ಕು ಕ್ಲಬ್ಬು ನಿಯಮದ ಮಿತಿ, ಕಡ್ಡಾಯವಲ್ಲ, ಏಳೆಂಟು ಸಾಕು. ಉದ್ದದ ಐರನ್ನುಗಳ ಬದಲು ಹೈಬ್ರಿಡ್ ಇಟ್ಟುಕೊಳ್ಳಿ. "ಈ ಸೆವೆನ್ ಐರನ್ ಇಪ್ಪತ್ತು ಗಜ ಹೆಚ್ಚು ಹೋಗುತ್ತೆ" ಎಂದು ಅಂಗಡಿಯವನು ಹೇಳಿದರೆ ಲಾಫ್ಟ್ ಎಷ್ಟೆಂದು ಕೇಳಿ. ಬ್ಲೇಡಿನಲ್ಲಿ 34 ಡಿಗ್ರಿಯ ಆಸುಪಾಸಿರುವುದು ಹೊಸ ಸೆಟ್ಟುಗಳಲ್ಲಿ 28-30ಕ್ಕೆ ಇಳಿದಿದೆ. ಹಳೆಯ ಸಿಕ್ಸ್ ಐರನ್ನಿಗೆ ಏಳು ಎಂದು ಬರೆದು ಮಾರುತ್ತಿದ್ದಾರೆ.

ದೂರದ ಹುಚ್ಚಿಗೆ ನನ್ನ ಮಟ್ಟಿಗೆ ಔಷಧಿಯಾದದ್ದು ಅದಿತಿ ಅಶೋಕ್. ನಮ್ಮ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ (ಕೆಜಿಎ) ಕೋರ್ಸಿನಲ್ಲಿ ಆಡಿ ಬೆಳೆದ ಹುಡುಗಿ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ, ಅಲ್ಲಿದ್ದವರ ಪೈಕಿ ತೀರ ಕಡಿಮೆ ದೂರ ಹೊಡೆಯುವವರಲ್ಲಿ ಒಬ್ಬಳಾಗಿದ್ದುಕೊಂಡು ನಾಲ್ಕನೆಯವಳಾದಳು. ಪದಕ ತಪ್ಪಿದ್ದು ಒಂದೇ ಒಂದು ಹೊಡೆತಕ್ಕೆ. ಅಮ್ಮನೇ ಕ್ಯಾಡಿ. ಶನಿವಾರ ಬೆಳಿಗ್ಗೆ ಟಿವಿ ಮುಂದೆ ಕೂತು ಅವಳ ಪಟ್ಟಿಂಗ್ ನೋಡಿದವನು ಸಂಜೆ ಮೂರನೆಯ ಡ್ರೈವರನ್ನು ಮಾರಾಟಕ್ಕಿಟ್ಟೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಕೆಂಪು ಚುಕ್ಕೆಯ, ಹಗುರ ಗ್ರಾಫೈಟ್ ಶಾಫ್ಟಿನ ಹೊಸ ಐರನ್ನು ಬಂತು. ಮೊದಲ ದಿನವೇ ಚೆಂಡು ಬಲಕ್ಕೆ ಹೋಯಿತು. ಎರಡನೆಯದೂ ಬಲಕ್ಕೆ. ಎಡಕ್ಕೆ ನೋಡುವ ಮುಖವನ್ನು ಸರಿದೂಗಿಸಲು ಕಲಿತ ಮಣಿಕಟ್ಟಿಗೆ, ಮುಖ ಈಗ ನೆಟ್ಟಗಿದೆ ಎಂದು ಯಾರು ಹೇಳಬೇಕು? ಹಳೆಯ ಸೆಟ್ಟನ್ನು ಎತ್ತರದ ಹುಡುಗನೊಬ್ಬನಿಗೆ ಮಾರಿದೆ, ಅವನ ಮಣಿಕಟ್ಟಿನಿಂದ ನೆಲಕ್ಕೆ ಅಳೆದು. ಆದರೆ ಅದು ಕಲಿಸಿದ್ದು ನನ್ನಲ್ಲೇ ಉಳಿಯಿತು. ಕೋಚ್ ನನ್ನನ್ನು ಎರಡೂ ಪಾದ ಜೋಡಿಸಿ ನಿಲ್ಲಿಸಿ, ವೆಜ್ ಕೊಟ್ಟು, ಸೊಂಟದೆತ್ತರದಿಂದ ಸೊಂಟದೆತ್ತರಕ್ಕೆ ಅರೆಬೀಸು ಹೊಡೆಸಿದರು. ಬೇಕೆಂದೇ ಎಡಕ್ಕೆ ಹೊಡೆಯಿರಿ ಎಂದರು. ಪಕ್ಕದ ಮ್ಯಾಟಿನಲ್ಲಿ ಶಾಲೆಯ ಮಕ್ಕಳು ಡ್ರೈವರ್ ಬಾರಿಸುತ್ತಿದ್ದಾಗ ನಾನು ನಲವತ್ತು ಗಜದ ಚೆಂಡುಗಳನ್ನು ಎಡಕ್ಕೆ ಉರುಳಿಸುತ್ತ ಒಂದು ಮಳೆಗಾಲ ಕಳೆದೆ.

ಈಗ ಸ್ನೇಹಿತರ ಜೊತೆ ಆಡುವಾಗ ಚೆಂಡು ನೆಟ್ಟಗೇ ಹೋಗುತ್ತದೆ. ಮೊಣಕೈ ನೋವಿಲ್ಲ. ಆದರೆ ಮೊದಲ ಟೀಯಲ್ಲಿ, ಹಿಂದಿನ ಗುಂಪಿನವರು ಕಾಯುತ್ತ ನಿಂತು ನೋಡುತ್ತಿದ್ದರೆ, ಆ ಹಳೆಯ ಬಿಗಿತ ಹೇಳದೆ ಕೇಳದೆ ವಾಪಸ್ಸು ಬರುತ್ತದೆ. ಅದಕ್ಕೇ ಅಲ್ಲಿ ಹೈಬ್ರಿಡ್ ತೆಗೆಯುತ್ತೇನೆ. "ಏನ್ ಸಾರ್, ಡ್ರೈವರ್ ತಂದಿಲ್ವಾ?" ಎಂದು ಯಾರಾದರೂ ಕೇಳಿದರೆ, ಚೀಲದಲ್ಲಿ ಅದರ ಟೋಪಿ ಕಾಣುತ್ತಿದ್ದರೂ, ಇಲ್ಲ ಮನೇಲೇ ಮರೆತು ಬಂದೆ ಅನ್ನುತ್ತೇನೆ.