ಬೆಳಗಿನ ಜಾವದ ಕನಸು ಯಾರಿಗೆ ನೆನಪಿರುತ್ತದೆ?

ಕನ್ನಡದಲ್ಲಿ ಕನಸನ್ನು ನಾವು ಕಾಣುತ್ತೇವೆ. ಕೆಲವೊಮ್ಮೆ ಅದು ತಾನಾಗಿಯೇ ಬೀಳುತ್ತದೆ. ‘ರಾತ್ರಿ ಒಂದು ಕನಸು ಬಿತ್ತು’ ಎನ್ನುವಾಗ, ನಮ್ಮ ಪ್ರಯತ್ನವಿಲ್ಲದೆ ಮರದಿಂದ ಹಣ್ಣು ಬಿದ್ದಂತೆ ಅದು ಒದಗಿಬಂತು ಎಂಬ ಧ್ವನಿಯಿದೆ. ಆದರೆ ಒಂದೇ ಮನೆಯಲ್ಲಿ, ಒಂದೇ ಹೊತ್ತಿಗೆ ಮಲಗಿ ಏಳುವವರಲ್ಲಿ ಒಬ್ಬರ ಅಂಗಳದಲ್ಲಿ ದಿನವೂ ಹಣ್ಣು ಬಿದ್ದಿರುತ್ತದೆ, ಇನ್ನೊಬ್ಬರ ಅಂಗಳ ಸದಾ ಖಾಲಿ. ನಮ್ಮ ಬಳಗದ ಎಷ್ಟೋ ಮನೆಗಳಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ ಒಬ್ಬರು ಸುದೀರ್ಘವಾದ ಕನಸಿನ ವೃತ್ತಾಂತ ಹೇಳುತ್ತಿದ್ದರೆ, ಎದುರಿಗೆ ಕುಳಿತವರು ‘ನನಗೆ ಕನಸೇ ಬೀಳುವುದಿಲ್ಲಪ್ಪಾ’ ಎಂದು ತುಸು ಹೆಮ್ಮೆಯಿಂದಲೋ ತುಸು ಅಸೂಯೆಯಿಂದಲೋ ಹೇಳಿಬಿಡುತ್ತಾರೆ.

ಈ ಮಾತನ್ನು ವೈದ್ಯರಾದ ನಾವು ಸುಲಭವಾಗಿ ಒಪ್ಪಲಾರೆವು. 1953ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಯೂಜೀನ್ ಆಸರಿನ್‌ಸ್ಕಿ ಮತ್ತು ಅವರ ಗುರು ನಥಾನಿಯಲ್ ಕ್ಲೈಟ್‌ಮನ್ ಅವರು, ಮಲಗಿದವರ ಕಣ್ಣುಗುಡ್ಡೆಗಳು ರಾತ್ರಿಯಲ್ಲಿ ಆಗಾಗ್ಗೆ ವೇಗವಾಗಿ ಚಲಿಸುವುದನ್ನು ದಾಖಲಿಸಿ ಪ್ರಕಟಿಸಿದರು. ಆಸರಿನ್‌ಸ್ಕಿ ಆಗ ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿ. ಪ್ರಯೋಗಕ್ಕೆ ಮೊದಮೊದಲು ಮಲಗಿದವರಲ್ಲಿ ಅವರ ಸ್ವಂತ ಮಗನೂ ಒಬ್ಬ. ಕ್ಷಿಪ್ರ ನೇತ್ರಚಲನೆಯ ಈ ಘಟ್ಟವನ್ನೇ ಇಂದು ‘ರೆಮ್’ ನಿದ್ರೆ ಎನ್ನುತ್ತೇವೆ. 1957ರಲ್ಲಿ ಕ್ಲೈಟ್‌ಮನ್ ಅವರು ವಿಲಿಯಂ ಡಿಮೆಂಟ್ ಅವರೊಡನೆ ಮಾಡಿದ ಪ್ರಯೋಗದಲ್ಲಿ, ರೆಮ್ ನಿದ್ರೆಯಿಂದ 191 ಬಾರಿ ಎಬ್ಬಿಸಿದಾಗ 152 ಬಾರಿ ಮಲಗಿದ್ದವರು ಕನಸನ್ನು ವಿವರಿಸಿದರು. ಉಳಿದ ನಿದ್ರೆಯಿಂದ 160 ಬಾರಿ ಎಬ್ಬಿಸಿದಾಗ ಕನಸು ಹೇಳಿದ್ದು 11 ಬಾರಿ ಮಾತ್ರ. (ಉಳಿದ ನಿದ್ರೆಯಲ್ಲಿಯೂ ಕನಸುಗಳಿವೆ ಎಂದು ಮುಂದಿನ ಸಂಶೋಧಕರು ತೋರಿಸಿದ್ದಾರೆ, ಅದು ಬೇರೆಯೇ ಚರ್ಚೆ.) ಇದಕ್ಕಿಂತಲೂ ಸೋಜಿಗದ ಸಾಕ್ಷ್ಯ ಪ್ಯಾರಿಸ್ಸಿನಿಂದ ಬಂದಿದೆ. ಇಸಬೆಲ್ ಆರ್ನುಲ್ಫ್ ಮತ್ತು ಸಂಗಡಿಗರು, ನಿದ್ರೆಯಲ್ಲಿ ಕೈಕಾಲು ಬೀಸುವ, ಮಾತನಾಡುವ, ಜಗಳವಾಡುವ ರೋಗಿಗಳನ್ನು ಅಧ್ಯಯನ ಮಾಡಿ 2015ರಲ್ಲಿ ವರದಿ ಮಾಡಿದರು. ಅವರಲ್ಲಿ ಕೆಲವರು ‘ನಮಗೆ ಕನಸೇ ಇಲ್ಲ’ ಎಂದು ವರ್ಷಗಳಿಂದ ನಂಬಿದ್ದವರು. ಕಣ್ಣ ಮುಂದೆ ಕನಸನ್ನು ಅಭಿನಯಿಸಿ ತೋರಿಸಿ, ಎದ್ದ ಮೇಲೆ ಏನೂ ಇರಲಿಲ್ಲವೆನ್ನುವವರು! ಕನಸು ಎಲ್ಲರ ಅಂಗಳದಲ್ಲಿಯೂ ಬೀಳುತ್ತದೆ. ಹೆಕ್ಕಿಕೊಳ್ಳುವವರು ಕೆಲವರೇ ಎಂದು ನಾವು ತಿಳಿಯುವುದು ಇದರಿಂದಲೇ.

ನಮ್ಮ ಅಜ್ಜಿಯಂದಿರು ‘ಬೆಳಗಿನ ಜಾವದ ಕನಸು ನಿಜವಾಗುತ್ತದೆ’ ಎನ್ನುತ್ತಿದ್ದರು. ಸ್ವಪ್ನಫಲವನ್ನು ಹೇಳುವ ಹಳೆಯ ಗ್ರಂಥಗಳೂ ರಾತ್ರಿಯ ಮೊದಲ ಯಾಮದ ಕನಸಿಗೆ ಬಹಳ ತಡವಾಗಿ, ಕೊನೆಯ ಯಾಮದ ಕನಸಿಗೆ ಬಹಳ ಬೇಗ ಫಲ ಸಿಗುತ್ತದೆಂದು ಹೇಳುತ್ತವೆ. ಫಲದ ಮಾತು ಹಾಗಿರಲಿ, ಈ ವಿಂಗಡಣೆಯ ಹಿಂದೆ ಇರುವ ಅವಲೋಕನ ಬಹಳ ಸೂಕ್ಷ್ಮವಾದದ್ದು. ನಿದ್ರೆ ಸುಮಾರು ತೊಂಬತ್ತು ನಿಮಿಷಗಳ ಆವರ್ತಗಳಲ್ಲಿ ಸಾಗುತ್ತದೆ. ಮೊದಲ ಆವರ್ತಗಳಲ್ಲಿ ಗಾಢ ನಿದ್ರೆಯ ಪಾಲು ಹೆಚ್ಚು, ರೆಮ್ ನಿದ್ರೆ ಕೆಲವೇ ನಿಮಿಷ. ರಾತ್ರಿ ಕಳೆದಂತೆ ರೆಮ್ ಘಟ್ಟಗಳು ದೀರ್ಘವಾಗುತ್ತ ಬೆಳಗಿನ ಜಾವಕ್ಕೆ ಪೂರ್ಣಪ್ರಮಾಣಕ್ಕೆ ಬರುತ್ತವೆ. ನಾವು ಏಳುವುದೂ ಆ ಹೊತ್ತಿಗೇ. ಆದ್ದರಿಂದ ಉದ್ದವಾದ, ಬಣ್ಣಬಣ್ಣದ, ನೆನಪಿನಲ್ಲಿ ನಿಲ್ಲುವ ಕನಸು ಬೆಳಗಿನ ಜಾವದ್ದೇ ಆಗಿರುತ್ತದೆ. ನಾವು ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ಶರೀರಕ್ರಿಯಾಶಾಸ್ತ್ರದ ದಪ್ಪ ಪುಸ್ತಕದಲ್ಲಿ ನಿದ್ರೆಗೆ ಮೀಸಲಾಗಿದ್ದುದು ಕೆಲವೇ ಪುಟ. ಅಜ್ಜಿಯ ಮಾತಿಗೂ ಆ ಪುಟಗಳಿಗೂ ಇರುವ ಸಂಬಂಧವನ್ನು ಯಾವ ಅಧ್ಯಾಪಕರೂ ಹೇಳಲಿಲ್ಲ.

ಹಾಗಾದರೆ ಹೆಕ್ಕಿಕೊಳ್ಳುವವರಿಗೂ ಉಳಿದವರಿಗೂ ಇರುವ ಭೇದವೇನು? ಮೊದಲು ತಿಳಿಯಬೇಕಾದದ್ದು, ನಿದ್ರಿಸುವ ಮಿದುಳು ಹೊಸ ನೆನಪನ್ನು ದಾಖಲಿಸಿಕೊಳ್ಳುವುದರಲ್ಲಿ ಬಲು ಅಸಮರ್ಥ ಎಂಬುದು. ಎಚ್ಚರದಲ್ಲಿ ಅನುಭವಗಳನ್ನು ಗಟ್ಟಿಗೊಳಿಸಲು ನೆರವಾಗುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕದ ಸ್ರಾವ ರೆಮ್ ನಿದ್ರೆಯಲ್ಲಿ ಹೆಚ್ಚುಕಡಿಮೆ ನಿಂತೇಹೋಗಿರುತ್ತದೆ. ಆದುದರಿಂದ ಕನಸು ಉಳಿಯಬೇಕಾದರೆ ಅದು ಮಾಸುವ ಮೊದಲೇ ನಾವು ಕ್ಷಣಕಾಲವಾದರೂ ಎಚ್ಚರಗೊಳ್ಳಬೇಕು. ಫ್ರಾನ್ಸಿನ ಲಿಯಾನ್ ನಗರದ ಪೆರಿನ್ ರೂಬಿ ಅವರ ತಂಡ ಇದನ್ನೇ ಅಳೆದು ನೋಡಿತು. ವಾರಕ್ಕೆ ಸುಮಾರು ಐದು ಕನಸು ನೆನಪಿರುವವರನ್ನೂ ತಿಂಗಳಿಗೆ ಎರಡು ಮಾತ್ರ ನೆನಪಿರುವವರನ್ನೂ ಹೋಲಿಸಿದಾಗ, ಮೊದಲ ಗುಂಪಿನವರು ನಿದ್ರೆಯ ನಡುವೆ ಒಟ್ಟು ಸುಮಾರು 30 ನಿಮಿಷ ಎಚ್ಚರವಾಗಿದ್ದರು. ಎರಡನೆಯವರು ಅದರ ಅರ್ಧದಷ್ಟು ಮಾತ್ರ. ನಿದ್ರೆಯಲ್ಲಿದ್ದಾಗ ಹೆಸರು ಹಿಡಿದು ಕರೆದರೆ ಮೊದಲ ಗುಂಪಿನವರ ಮಿದುಳು ಹೆಚ್ಚು ಬಲವಾಗಿ ಪ್ರತಿಕ್ರಿಯಿಸುತ್ತಿತ್ತು. ಕನಸನ್ನು ನೆನಪಿಡುವವರೆಂದರೆ ಬಹುಮಟ್ಟಿಗೆ ಹಗುರವಾಗಿ ನಿದ್ರಿಸುವವರು. ಇದರೊಂದಿಗೆ ಕನಸಿನ ಬಗೆಗಿನ ಆಸಕ್ತಿಯೂ ಸೇರುತ್ತದೆ: ಕನಸಿಗೆ ಬೆಲೆ ಕೊಡುವವರಿಗೆ ಅದು ಹೆಚ್ಚು ನೆನಪಿರುತ್ತದೆ. ವಯಸ್ಸಾದಂತೆ ನೆನಪು ಕಡಿಮೆಯಾಗುತ್ತದೆ. ಸ್ತ್ರೀಯರಿಗೆ ಪುರುಷರಿಗಿಂತ ತುಸು ಹೆಚ್ಚು. ಬುದ್ಧಿಶಕ್ತಿಗೂ ಪುಣ್ಯಕ್ಕೂ ಇದರಲ್ಲಿ ಪಾತ್ರವಿಲ್ಲ.

ಇಂಗ್ಲೆಂಡಿನಲ್ಲಿ ನೆಲೆಸಿದ ನಮಗೆ ಹಗುರ ನಿದ್ರೆಯ ಅವಕಾಶಗಳೇನೂ ಕಡಿಮೆಯಿಲ್ಲ. ಊರಿನ ಚಿಕ್ಕಪ್ಪ ಬೆಳಗ್ಗೆ ಏಳಕ್ಕೆ ಸ್ನಾನ ಮುಗಿಸಿ ಕಳುಹಿಸುವ ಗುಲಾಬಿ ಹೂವಿನ ‘ಶುಭೋದಯ’ ಚಳಿಗಾಲದಲ್ಲಿ ನಮ್ಮ ದಿಂಬಿನ ಪಕ್ಕಕ್ಕೆ ತಲುಪುವುದು ರಾತ್ರಿ ಒಂದೂವರೆಗೆ. ಬೇಸಿಗೆಗೆ ಬಂದಿಳಿದ ಅಪ್ಪ ಅಮ್ಮಂದಿರು ಮೊದಲ ವಾರ ‘ಈ ದೇಶದಲ್ಲಿ ಕನಸು ಬಹಳ’ ಎನ್ನುವುದನ್ನು ನಾವು ಕೇಳಿದ್ದೇವೆ; ಗಡಿಯಾರಕ್ಕೆ ಹೊಂದಿಕೊಳ್ಳದ ದೇಹ ಬೆಳಗಿನ ನಾಲ್ಕಕ್ಕೇ ಎಚ್ಚರಗೊಂಡರೆ ಹಾಗಾಗುವುದು ಸಹಜ.

ಈ ವಿಷಯವನ್ನು ನಾವು ಬರೆಯಲು ಹೊರಟದ್ದು ಬಳಗದ ಒಬ್ಬ ಸೋದರಿಯ ಪ್ರಶ್ನೆಯಿಂದ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬರೆಯುತ್ತಿದ್ದೇವೆ. ಅವರ ತಾಯಿ ಊರಿನಲ್ಲಿ ತೀರಿಕೊಂಡರು. ವಿಮಾನ ಹಿಡಿದು ಇವರು ತಲುಪುವ ಹೊತ್ತಿಗೆ ದಹನಸಂಸ್ಕಾರ ಮುಗಿದಿತ್ತು. ಅಲ್ಲಿರುವ ಅಕ್ಕನಿಗೆ ಅಂದಿನಿಂದ ತಾಯಿ ಮೇಲಿಂದ ಮೇಲೆ ಕನಸಿನಲ್ಲಿ ಕಾಣಿಸುತ್ತಾರೆ: ಹಿತ್ತಲಲ್ಲಿ ಕರಿಬೇವು ಕೀಳುತ್ತಾರೆ, ಒಮ್ಮೆ ಸೀರೆಯ ಬಣ್ಣ ಕೇಳುತ್ತಾರೆ. ಪ್ರತಿ ಕನಸೂ ಫೋನಿನಲ್ಲಿ ಇವರಿಗೆ ತಲುಪುತ್ತದೆ. ಇವರಿಗೆ ಎಂಟು ತಿಂಗಳಲ್ಲಿ ಒಂದು ಬಾರಿಯೂ ಇಲ್ಲ. ಯುಗಾದಿಯ ಊಟದ ನಂತರ ಪಾತ್ರೆ ಎತ್ತಿಡುತ್ತಿದ್ದಾಗ ಅವರು ತಗ್ಗಿದ ಧ್ವನಿಯಲ್ಲಿ ಕೇಳಿದರು: “ಡಾಕ್ಟ್ರೇ, ಅಮ್ಮನಿಗೆ ನನ್ನ ಮೇಲೆ ಕೋಪ ಇರಬಹುದಾ? ಕೊನೆಗಾಲಕ್ಕೆ ಬರಲಿಲ್ಲ ಅಂತ?”

ನಾವು ಮೊದಲು ಕೇಳಿದ್ದು ಅವರ ರಾತ್ರಿಗಳ ಬಗ್ಗೆ. ನಸುಕಿನ ಐದಕ್ಕೆ ಅಲಾರಂ. ಅದನ್ನು ಒತ್ತಿ ನಿಲ್ಲಿಸಿದ ಕೈಯಲ್ಲಿಯೇ ಫೋನಿನ ಸಂದೇಶಗಳು, ಕೆಲಸದ ಪಾಳಿ, ಮಕ್ಕಳ ಡಬ್ಬಿ. ತಾಯಿ ಹೋದ ಮೇಲೆ ಖಿನ್ನತೆಗೆಂದು ಜಿ.ಪಿ. ಬರೆದುಕೊಟ್ಟ ಸರ್ಟ್ರಲಿನ್ ಮಾತ್ರೆ ಬೇರೆ. ಅದರಿಂದ ಉಪಕಾರವಾಗಿದೆ, ಆದರೆ ಆ ವರ್ಗದ ಔಷಧಗಳು ರೆಮ್ ನಿದ್ರೆಯನ್ನು ತಗ್ಗಿಸುತ್ತವೆ, ಕನಸಿನ ನೆನಪನ್ನೂ ಕುಗ್ಗಿಸುತ್ತವೆ. ಆಮೇಲೆ ಕೇಳಿದೆವು, ಅಕ್ಕನ ರಾತ್ರಿಗಳು ಹೇಗೆ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ತಂದೆಗೆ ಪಾರ್ಶ್ವವಾಯು, ಅವರನ್ನು ಹೊರಳಿಸಲು, ಬಚ್ಚಲಿಗೆ ಕರೆದೊಯ್ಯಲು ಅಕ್ಕ ರಾತ್ರಿಯಲ್ಲಿ ಮೂರು ಬಾರಿಯಾದರೂ ಏಳುತ್ತಾರೆ. ಮೂರು ಬಾರಿ ಏಳುವವರ ಕೈಗೆ ಕನಸು ಮಾಸದೆ ಸಿಗುವ ಅವಕಾಶವೂ ಅಷ್ಟು ಹೆಚ್ಚು.

ತಾಯಿ ಇವರ ಕನಸಿಗೂ ಬಂದಿದ್ದಾರೆಂದು ನಾವು ಪ್ರಮಾಣ ಮಾಡಿ ಹೇಳಲಾರೆವು. ಆದರೆ ಬಂದಿಲ್ಲವೆನ್ನಲು ಅವರ ಬಳಿಯೂ ಸಾಕ್ಷ್ಯವಿಲ್ಲವೆಂದು ಹೇಳಿದೆವು. ಮಾತ್ರೆಯನ್ನು ಕನಸಿನ ಆಸೆಗೆ ನಿಲ್ಲಿಸಕೂಡದೆಂದು ಎರಡು ಬಾರಿ ಹೇಳಿದೆವು. ಹಠಾತ್ತನೆ ನಿಲ್ಲಿಸಿದರೆ ಬರುವ ಕನಸುಗಳು ಹಿತವಾಗಿರುವುದೂ ಇಲ್ಲ. ಕೆಲವು ವಾರಗಳ ನಂತರ ಅವರಿಂದ ಸಂದೇಶ ಬಂತು. ಅದರಲ್ಲಿ ಕನಸಿನ ಮಾತಿರಲಿಲ್ಲ. ಅಪ್ಪನಿಗೆ ರಾತ್ರಿ ಹೊತ್ತಿಗೆ ಒಬ್ಬ ಸಹಾಯಕರನ್ನು ಗೊತ್ತುಮಾಡಿ, ಖರ್ಚನ್ನು ತಾವೇ ವಹಿಸಿಕೊಂಡಿದ್ದಾಗಿಯೂ, ಅಕ್ಕ ಈಗ ಬೆಳಗಿನವರೆಗೆ ಮಲಗುತ್ತಿರುವುದಾಗಿಯೂ ಬರೆದಿದ್ದರು.

ಔಷಧಗಳ ಮಾತು ಬಂದದ್ದರಿಂದ ಇನ್ನೆರಡು ವಿಷಯ. ರಕ್ತದೊತ್ತಡಕ್ಕೂ ಕೈನಡುಕಕ್ಕೂ ಕೊಡುವ ಪ್ರೊಪ್ರನಲಾಲ್, ಹಿರಿಯರ ಮರೆವಿಗೆ ಕೊಡುವ ಡೊನೆಪೆಝಿಲ್ ಕೆಲವರಲ್ಲಿ ಭಯಾನಕ ಕನಸುಗಳನ್ನು ತರುತ್ತವೆ. ಹೊತ್ತು ಬದಲಿಸಿದರೆ ಸಾಕಾಗಬಹುದು, ಬರೆದುಕೊಟ್ಟವರನ್ನು ಕೇಳಿ. ರಾತ್ರಿಯ ಮದ್ಯ ನಿದ್ರೆಯ ಮೊದಲರ್ಧದ ರೆಮ್ ಅನ್ನು ಒತ್ತಿಹಿಡಿದು ಎರಡನೆಯ ಅರ್ಧವನ್ನು ಚೂರುಚೂರು ಮಾಡುತ್ತದೆ. ಪಾರ್ಟಿಯ ಮರುದಿನದ ವಿಚಿತ್ರ ಕನಸುಗಳಿಗೆ ಬೇರೆ ಅರ್ಥ ಹುಡುಕಬೇಕಿಲ್ಲ.

ಕನಸು ನೆನಪಿರದಿರುವುದು ರೋಗವಲ್ಲ. ಆದರೆ ಐವತ್ತು ದಾಟಿದವರು, ಅದರಲ್ಲಿಯೂ ಗಂಡಸರು, ನಿದ್ರೆಯಲ್ಲಿ ಕೂಗಿ, ಒದ್ದು, ಹಾಸಿಗೆಯಿಂದ ಬಿದ್ದು ಕನಸನ್ನು ಅಭಿನಯಿಸತೊಡಗಿದರೆ ಅದನ್ನು ನಗೆಯ ವಿಷಯವಾಗಿಸಬೇಡಿ. ರೆಮ್ ನಿದ್ರೆಯಲ್ಲಿ ಸ್ನಾಯುಗಳು ಸಹಜವಾಗಿ ಸ್ತಬ್ಧವಾಗಿರಬೇಕು. ಆ ಬೀಗ ಸಡಿಲವಾಗುವುದು ಪಾರ್ಕಿನ್‌ಸನ್ಸ್ ಕಾಯಿಲೆಯ ಲಕ್ಷಣಗಳಿಗಿಂತ ವರ್ಷಗಳ ಮೊದಲೇ ಕಾಣಿಸಿಕೊಳ್ಳುವುದುಂಟು. ಎಲ್ಲರಿಗೂ ಹಾಗಾಗುವುದಿಲ್ಲ, ಗೊರಕೆಯ ಜೊತೆಗೆ ಉಸಿರು ಕಟ್ಟುವ ತೊಂದರೆಯೂ ಇದೇ ರೀತಿ ತೋರಬಹುದು. ಆದರೂ ತೋರಿಸಿಕೊಳ್ಳಬೇಕು. ಸಾಮಾನ್ಯವಾಗಿ ಇದನ್ನು ಮೊದಲು ಕಾಣುವವರು ಪಕ್ಕದಲ್ಲಿ ಮಲಗಿದವರು, ಜಿ.ಪಿ. ಬಳಿ ಅವರೂ ಜೊತೆಗೆ ಹೋಗಲಿ.

ಕನಸನ್ನು ಹೆಕ್ಕಿಕೊಳ್ಳಬೇಕೆಂಬ ಆಸೆಯುಳ್ಳವರು ಎಚ್ಚರವಾದೊಡನೆ ಹೊರಳಾಡದೆ, ಫೋನು ಮುಟ್ಟದೆ, ಕಣ್ಣು ಮುಚ್ಚಿಯೇ ಒಂದು ನಿಮಿಷ ಮಲಗಿರಿ. ಕನಸಿನ ಬಾಲ ಕೈಗೆ ಸಿಕ್ಕರೆ ಅದನ್ನು ಹಿಡಿದು ಹಿಂದಕ್ಕೆ ಹೋಗಬಹುದು. ಆಮೇಲೆ ಯಾರಿಗಾದರೂ ಹೇಳಿ ಅಥವಾ ಬರೆದಿಡಿ. ಅಲಾರಂ ಇಲ್ಲದ ಶನಿವಾರ, ಭಾನುವಾರಗಳು ಇದಕ್ಕೆ ಪ್ರಶಸ್ತ. ಮಕ್ಕಳಿರುವ ಮನೆಯಲ್ಲಿ ದೋಸೆ ಹುಯ್ಯುವಾಗ ಅವರ ಕನಸನ್ನು ಕೇಳಿ, ಕನ್ನಡದಲ್ಲಿ ಹೇಳಲು ಬಿಡಿ. ಹಾರುವ ಬಸ್ಸಿಗೂ ಮಾತನಾಡುವ ಬೆಕ್ಕಿಗೂ ಅವರಿಗೆ ಗೊತ್ತಿರುವಷ್ಟು ಕನ್ನಡ ಸಾಕಾಗುತ್ತದೆ.