ಎರೆಮಣ್ಣಿನ ಊರಲ್ಲಿ ಕೇಪಳ

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಯಾರು ಯಾವ ಸೀಮೆಯಿಂದ ಬಂದವರೆಂದು ತಿಳಿಯಲು ಮಾತಾಡಿಸಬೇಕಾಗಿಲ್ಲ, ಅಂಗಳದ ಕುಂಡಗಳನ್ನು ನೋಡಿದರೆ ಸಾಕು. ಶಿರಸಿಯವರ ಕಟ್ಟೆಯ ಮೇಲೆ ಗಂಧರಾಜ, ಮಡಿಕೇರಿಯಿಂದ ವರ್ಗವಾಗಿ ಬಂದವರ ಮೆಟ್ಟಿಲ ಮೇಲೆ ಹೈಡ್ರೇಂಜಿಯಾ, ಕರಾವಳಿಯ ನಮ್ಮಲ್ಲಿ ಕೇಪಳ. ಮೂರಕ್ಕೂ ಬೇಕಾದದ್ದು ಹುಳಿಮಣ್ಣು. ಊರು ಕೂತಿರುವುದೋ ಸುಣ್ಣ ತುಂಬಿದ ಎರೆಮಣ್ಣಿನ ಮೇಲೆ. ಇಲ್ಲಿಯವರೇ ಆದವರು ಈ ತಂಟೆ ಬೇಡವೆಂದು ಕಣಗಿಲೆ, ಕಾಗದದ ಹೂ ಹಾಕಿಕೊಂಡು ನೆಮ್ಮದಿಯಾಗಿದ್ದಾರೆ.

ಹಿತ್ತಿಲು ಅಗೆಯಲು ಬಂದಾತ ಗುದ್ದಲಿಗೆ ಸಿಕ್ಕ ಬಿಳಿ ಹರಳುಗಳನ್ನು ತೋರಿಸಿ ಹೇಳಿಯೇ ಬಿಟ್ಟ: “ಅಕ್ಕಾರ, ಇದು ಜ್ವಾಳಾ, ಕಡ್ಲಿ ಬೆಳಿಯೂ ಭೂಮಿರಿ. ನಿಮ್ಮೂರ ಹೂವು ಇಲ್ಲೆ ಬದಕೂದಿಲ್ಲ.” ಹರಳುಗಳು ಸುಣ್ಣದವು. ನಮ್ಮೂರಲ್ಲಿ ಕೇಪಳ ಮುರಕಲ್ಲಿನ ಗುಡ್ಡದ ಮೇಲೆ ತಾನಾಗಿ ಹುಟ್ಟುತ್ತದೆ, ಯಾರೂ ನೀರು ಹಾಕುವುದಿಲ್ಲ. ವರ್ಷಕ್ಕೆ 3,500 ಮಿ.ಮೀ. ಮೀರಿ ಸುರಿಯುವ ಮಳೆ ಅಲ್ಲಿಯ ಸುಣ್ಣವನ್ನೆಲ್ಲ ಎಂದೋ ತೊಳೆದು ಸಮುದ್ರಕ್ಕೆ ಕಳಿಸಿದೆ. ಹುಬ್ಬಳ್ಳಿಯ ಮಳೆ ಅದರ ಕಾಲು ಭಾಗ. ಸುಣ್ಣ ಇದ್ದಲ್ಲೇ ಇದೆ.

ಎರೆಮಣ್ಣಲ್ಲಿ ನೆಟ್ಟ ಕೇಪಳ ಒಮ್ಮೆಲೇ ಸಾಯುವುದಿಲ್ಲ. ಮೊದಲು ಚಿಗುರೆಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು. ಇದು ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಪಿಎಚ್ 8ರ ಹತ್ತಿರ ಹೋದರೆ ಅದು ನೀರಿನಲ್ಲಿ ಕರಗುವುದಿಲ್ಲ, ಬೇರಿಗೆ ದಕ್ಕುವುದಿಲ್ಲ. ಬಡ್ಡಿ ಸಾಹುಕಾರನ ಪೆಟ್ಟಿಗೆಯ ಹಾಗೆ. ಗಂಧಕದ ಪುಡಿ ಬೆರೆಸಿ ಎನ್ನುವವರಿದ್ದಾರೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಆಮ್ಲವಾಗಿಸುವುದು ನಿಜವೇ. ಆದರೆ ಪಿಎಚ್ 8ರಿಂದ 6ಕ್ಕೆ ಇಳಿಯಬೇಕಾದರೆ ಹುಳಿ ನೂರು ಪಟ್ಟು ಏರಬೇಕು. ಅಷ್ಟರೊಳಗೆ ಆ ಬಿಳಿ ಹರಳುಗಳು ಎಲ್ಲ ಆಮ್ಲವನ್ನೂ ಕುಡಿದು ತೇಗುತ್ತವೆ. ಮಡಿಕೇರಿಯವರಿಗೆ ಇದನ್ನು ಹೇಳಿದರೆ ನಗು ತಡೆಯಲಾಗಲಿಲ್ಲ. ಅವರ ಊರಿನ ಕಾಫಿ ತೋಟಗಳಲ್ಲಿ ಮಣ್ಣಿನ ಹುಳಿ ಮುರಿಯಲು ದುಡ್ಡು ಕೊಟ್ಟು ಸುಣ್ಣ ತಂದು ಎರಚುತ್ತಾರಂತೆ! ಅವರ ಹೈಡ್ರೇಂಜಿಯಾ ಅಲ್ಲಿ ನೀಲಿ. ಇಲ್ಲಿ ಅಲ್ಯುಮಿನಿಯಂ ಸಿಗದೆ ಗುಲಾಬಿ ಬಣ್ಣಕ್ಕೆ ತಿರುಗಿದೆ. ಅವರಿಗೆ ಅದೇ ಚೆಂದ ಕಾಣುತ್ತದಂತೆ, ಪುಣ್ಯವಂತರು.

ಹಿತ್ತಿಲ ಮಣ್ಣನ್ನು ತಿದ್ದುವ ಆಸೆ ಬಿಟ್ಟುಬಿಡುವುದೇ ಸರಿ ಎಂದು ನನ್ನ ಮತ. ಗುಂಡಿ ತೋಡಿ ಕೆಂಪು ಮಣ್ಣು ತುಂಬಿದರೂ ಸುತ್ತಲಿನ ಸುಣ್ಣದ ನೀರು ಒಳಗೆ ಜಿನುಗುತ್ತದೆ, ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ದೊಡ್ಡ ಕುಂಡವೇ ವಾಸಿ. ಕಾರವಾರ ರಸ್ತೆಯಲ್ಲಿ ಕಲಘಟಗಿ ದಾಟಿ ಯಲ್ಲಾಪುರದ ಕಡೆ ಹೋದರೆ ಮಣ್ಣು ಕೆಂಪಾಗುತ್ತದೆ. ಊರಿಗೆ ಹೋಗಿ ಬರುವವರ ಡಿಕ್ಕಿಯಲ್ಲಿ ಒಂದು ಚೀಲ ಬರುವುದು ನಮ್ಮ ಓಣಿಯ ಪದ್ಧತಿ. ಅದಕ್ಕೆ ಎಲೆಗೊಬ್ಬರ ಬೆರೆಸಬೇಕು. ಎಲೆ ಹಳದಿಯಾದರೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಚಿಟಿಕೆ ನಿಂಬೆಹುಳಿ ಉಪ್ಪು ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸುವುದು. ಮಣ್ಣಿಗೆ ಸುರಿದರೆ ಅದೂ ತುಕ್ಕಾಗಿ ಕೂರುತ್ತದೆ.

ಇಷ್ಟೆಲ್ಲ ಮಾಡಿಯೂ ಗಿಡ ಸೊರಗಿದರೆ ಮಣ್ಣನ್ನು ಬೈಯುವ ಮೊದಲು ನಲ್ಲಿ ನೋಡಬೇಕು. ಬೋರಿನ ನೀರು ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟಿಸುತ್ತದಲ್ಲ, ಕುಂಡಕ್ಕೂ ದಿನಾ ಅದೇ ಸುಣ್ಣ. ಹಾಗಾಗಿ ನಮ್ಮ ತಾರಸಿಯ ಪೈಪು ನೀಲಿ ಡ್ರಮ್ಮಿಗೆ ಇಳಿಯುತ್ತದೆ. ಮಳೆನೀರು ಕೇಪಳಕ್ಕೆ, ಬೋರಿನ ನೀರು ಬಟ್ಟೆ ಪಾತ್ರೆಗೆ. ಬೇಸಿಗೆಗೆ ಡ್ರಮ್ಮು ಬರಿದು. ಆಗ ಉಳಿಯುವುದು ಮಲಪ್ರಭೆಯ ನೀರೊಂದೇ. ಈ ಊರಲ್ಲಿ ಅದು ವಾರಕ್ಕೊಮ್ಮೆ ಬಂದರೆ ಪುಣ್ಯ, ಮನೆಯವರು ಕೊಡ ಎಣಿಸಿ ತುಂಬಿಡುತ್ತಾರೆ. ಅವರು ಪೇಪರ್ ಓದಲು ಕೂತ ಹೊತ್ತಿಗೆ ನಾನು ಒಂದು ಚೊಂಬು ಎತ್ತಿಕೊಂಡು ಹಿತ್ತಿಲಿಗೆ ಹೋಗುತ್ತೇನೆ.