ಹಿರೇಕೊಡಿಗೆಯ ಕಡೆಯ ಆಟದ ರಾತ್ರಿ

ಸ್ಪೇನ್ ದೇಶದ ಸೆವಿಲ್ಲಾ ನಗರದಲ್ಲಿ ಜನರು ರಾತ್ರಿ ಹತ್ತಕ್ಕೆ ಊಟಕ್ಕೆ ಕುಳಿತು, ನಡುವಿರುಳು ಕಳೆದರೂ ಪಾನಗೃಹಗಳಲ್ಲಿ ಹರಟುವರಂತೆ. 1904ರಲ್ಲಿ ಕುವೆಂಪು ಜನಿಸಿದ ಹಿರೇಕೊಡಿಗೆಯ ಕಡೆ ದೀಪಗಳು ಬೇಗನೆ ಆರುವುವು. ಆದರೆ ಯಕ್ಷಗಾನದ ಮೇಳವು ಬಂದಿತೆಂದರೆ ಈ ಮಲೆನಾಡಿಗೂ ನಿದ್ರೆಯಿಲ್ಲ. ಕೊಯ್ಲು ಮುಗಿದ ಗದ್ದೆಯಿಂದ ಚಂಡೆಯ ಸದ್ದು ಕಣಿವೆಯಾಚೆಯ ಮನೆಗಳನ್ನು ಕರೆಯುವುದು. ಬದುವಿನ ಬಳಿ ಕಾಫಿ, ಚುರುಮುರಿಯ ಅಂಗಡಿಗಳೇಳುವುವು. ಕತ್ತಲೆಯ ಮರೆಯಲ್ಲಿ ಮದ್ಯಕ್ಕೂ ಗಿರಾಕಿಗಳುಂಟು, ಅದನ್ನು ಮುಚ್ಚಿಡಲಾರೆ. ಕಂಬಳಿಯೊಳಗೆ ಮಲಗಿದ ಮಕ್ಕಳು ರಾಕ್ಷಸವೇಷದ ಆರ್ಭಟಕ್ಕೆ ಎದ್ದು ಕೂರುವರು.

2000ನೇ ಇಸವಿಯ ಶಬ್ದನಿಯಮಗಳು ರಾತ್ರಿ 10ರ ಬಳಿಕ ಬಯಲಿನ ಧ್ವನಿವರ್ಧಕಕ್ಕೆ ತಡೆಯೊಡ್ಡಿದುವು. ಪ್ರೇಕ್ಷಕರಿಗೂ ಮರುದಿನದ ಕೆಲಸದ ಚಿಂತೆ. ಹೀಗಾಗಿ ಹಲವು ಮೇಳಗಳ ಆಟವು ಈಗ ನಡುರಾತ್ರಿಗೇ ಮುಗಿಯುತ್ತದೆ. ಅನುಕೂಲವೇ ನಿಜ. ಆದರೆ ಬೆಳಗಿನ ಮಂಗಳಪದ್ಯವನ್ನು ಕೇಳಿ, ಉರಿಯುವ ಕಣ್ಣುಗಳೊಡನೆ ಇಬ್ಬನಿಯ ಹುಲ್ಲನ್ನು ತುಳಿಯುತ್ತ ಮನೆಗೆ ಮರಳುತ್ತಿದ್ದ ಹಿರಿಯರಿಗೆ ಅದು ಅರ್ಧ ಊಟದಿಂದ ಎದ್ದಂತೆ.